ಇನ್ನೂ ಹುಟ್ಟದ ವಧು

ಆನ್ಸ್ ಲಾಂಬಿಯ ಅಂಚೆ ಕಚೇರಿಯ ಕಿಟಕಿ ತೆರೆದರೆ ಎದುರಿಗೇ ಮಾರ್ಟಿನಿಕ್ ದ್ವೀಪ. ಮೋಡವಿಲ್ಲದ ದಿನ ಅಲ್ಲಿಯ ಗುಡ್ಡದಲ್ಲಿ ಯಾವ ಕಡೆ ಕಾಡು ಕಡಿದಿದ್ದಾರೆ ಎಂದು ಇಲ್ಲಿಂದಲೇ ಹೇಳಬಹುದು. ಮೋಟಾರು ದೋಣಿಗೆ ಒಂದೂವರೆ ಗಂಟೆಯ ದಾರಿ. ಆದರೆ ಇಲ್ಲಿ ಅಂಚೆಗೆ ಹಾಕಿದ ಕಾಗದ ಮೊದಲು ಲಂಡನ್ನಿಗೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ, ಮತ್ತೆ ಇಡೀ ಸಾಗರ ದಾಟಿ ಎದುರು ದಂಡೆಗೆ ಇಳಿಯಬೇಕು. ಈ ದಂಡೆಯನ್ನು ಒಂದು ಕಾಲದಲ್ಲಿ ಇಂಗ್ಲಿಷರು ಆಳಿದರು, ಆ ದಂಡೆ ಇವತ್ತಿಗೂ ಫ್ರೆಂಚರದು. ಎರಡೂ ಕಡೆಯವರು ಆಡುವ ಮಾತು ಒಂದೇ, ಬಯ್ಯುವ ಬೈಗುಳ ಒಂದೇ, ಹಿಡಿಯುವ ಮೀನೂ ಒಂದೇ. ಕಾಗದಕ್ಕೆ ಮಾತ್ರ ಇಪ್ಪತ್ತಮೂರು ದಿನದ ಪ್ರಯಾಣ.

ಊರಿನ ಜನ ಇದಕ್ಕೆ ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದರು. ಅನಾತೋಲನ ದೋಣಿ. ಅತ್ತೆಗೆ ಕಳಿಸುವ ಕಾಗದ, ತಂಗಿಗೆ ಕಳಿಸುವ ಜೀಗುಜ್ಜೆ ಕಾಯಿ, ಯಾರೂ ಹೆಸರು ಹೇಳದ ಪೆಟ್ಟಿಗೆಗಳು, ಎಲ್ಲವೂ ಅದರಲ್ಲೇ ಹೋಗುತ್ತಿದ್ದವು. ಮೂವತ್ತು ವರ್ಷದಲ್ಲಿ ಅನಾತೋಲ ಒಂದು ಸಲವೂ ಗಸ್ತಿನವರ ಕೈಗೆ ಸಿಕ್ಕಿರಲಿಲ್ಲ.

ಅವನ ದೋಣಿಗೆ ಒಂದು ಚೀಟಿಯನ್ನೂ ಕೊಡದಿದ್ದವಳು ಇಡೀ ಊರಿನಲ್ಲಿ ಒಬ್ಬಳೇ. ಅವಳು ಅಂಚೆ ಕಚೇರಿ ನಡೆಸುವ ಪರ್ಪೆಟುವಾ. ಊರಿಗೆಲ್ಲ ಮಿಸ್ ಪೆಟ್. ಐವತ್ತನಾಲ್ಕು ವಯಸ್ಸು, ಇಪ್ಪತ್ತೊಂಬತ್ತು ವರ್ಷದ ನೌಕರಿ. ಅಂಚೆಚೀಟಿ ಅಂಟಿಸದ ಕಾಗದ ಅವಳ ಲೆಕ್ಕದಲ್ಲಿ ಮದುವೆಯಾಗದೆ ಹೂಡಿದ ಸಂಸಾರದ ಹಾಗೆ. ನಡೆಯುತ್ತದೆ, ಆದರೆ ಹೇಳಿಕೊಳ್ಳುವಂತಿಲ್ಲ. ಸಮುದ್ರದ ಕಡೆ ಲಕೋಟೆ ಹಿಡಿದು ಹೋಗುವವರನ್ನು ಕಿಟಕಿಯಿಂದಲೇ ಕೂಗಿ ನಿಲ್ಲಿಸುತ್ತಿದ್ದಳು.

"ಏನಮ್ಮಾ, ದೋಣಿಗೆ ಕೊಡ್ತೀಯಾ? ಕೊಡು ಕೊಡು. ನಾಳೆ ಈ ಕಚೇರಿ ಮುಚ್ಚಿದ್ರೆ ನಿನ್ನ ಮಗ ಕೆನಡಾದಿಂದ ಕಳ್ಸೋ ಪಾರ್ಸಲ್ಲನ್ನೂ ಅನಾತೋಲನೇ ತರ್ಲಿ!"

ಎದುರು ದಂಡೆಯ ಗ್ರಾಂ ಮಾಪು ಊರಿನ ಫುಲ್ಬೆರ್ ಅವಳನ್ನು ಗೆದ್ದದ್ದೂ ಇದರಿಂದಲೇ. ಅವನು ದೋಣಿ ಎಂಜಿನ್ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಒಂದು ಸಲ ಅನಾತೋಲನ ಎಂಜಿನ್ ನೋಡಲು ಬಂದವನು ಎರಡು ದಿನ ಉಳಿದ. ಹೋದ ಮೇಲೆ ಅವಳಿಗೆ ಕಾಗದ ಬರೆದ. ಅನಾತೋಲನ ಕೈಯಲ್ಲಿ ಕೊಟ್ಟಿದ್ದರೆ ಅದು ಅವತ್ತೇ ಬರುತ್ತಿತ್ತು. ಅವನು ಚೀಟಿ ಅಂಟಿಸಿ ಅಂಚೆಗೆ ಹಾಕಿದ. ಇಪ್ಪತ್ತಮೂರು ದಿನದ ನಂತರ ಆ ಲಕೋಟೆ ಅವಳದೇ ಚೀಲದಿಂದ ಹೊರಬಿದ್ದಾಗ ಮಿಸ್ ಪೆಟ್ ಕಚೇರಿಯ ಬಾಗಿಲು ಹಾಕಿಕೊಂಡು ಓದಿದಳು. ಮಾತಿನಲ್ಲಿ ವಿಶೇಷವೇನೂ ಇರಲಿಲ್ಲ, ಹೆಚ್ಚಾಗಿ ಎಂಜಿನ್ನಿನ ವಿಷಯವೇ. ಆದರೆ ಒಬ್ಬ ಗಂಡಸು ಅವಳಿಗಾಗಿ ಇಪ್ಪತ್ತಮೂರು ದಿನ ಕಾಯಲು ತಯಾರಾಗಿದ್ದ. ಅಷ್ಟು ಸಾಕಿತ್ತು. ನಾಲ್ಕು ವರ್ಷ ಹೀಗೇ ನಡೆದು, ಎರಡು ಸಾವಿರದ ಇಪ್ಪತ್ತರ ಈಸ್ಟರ್ ಕಳೆದ ಮೇಲೆ ಗ್ರಾಂ ಮಾಪುವಿನಲ್ಲಿ ಮದುವೆ ಎಂದು ನಿಶ್ಚಯವಾಯಿತು. ಅಲ್ಲೇ ಯಾಕೆಂದರೆ ಫುಲ್ಬೆರನ ತಾಯಿ ಮಾನ್ ಸಿದೋನಿಗೆ ತೊಂಬತ್ತೊಂದು. ಸಮುದ್ರ ದಾಟುವ ವಯಸ್ಸಲ್ಲ. ಮಗ ಮತ್ತೆ ಸಂಸಾರಸ್ಥನಾಗುವುದನ್ನು ಕಣ್ಣಾರೆ ನೋಡಿಯೇ ಹೋಗುವುದೆಂದು ಆಕೆ ಹಟ ಹಿಡಿದಿದ್ದಳು.

ಆಗ ರೋಗ ಬಂತು. ಹಡಗು ನಿಂತಿತು, ವಿಮಾನ ನಿಂತಿತು. ಗ್ರಾಂ ಮಾಪುವಿನ ಪುರಭವನದವರು ಕಿಟಕಿಗೂ ಬಾಗಿಲಿಗೂ ಪಟ್ಟಿ ಅಂಟಿಸಿ, ಇನ್ನು ಮುಂದೆ ಕಾಗದಪತ್ರವೆಲ್ಲ ಅಂಚೆಯಲ್ಲೇ ಬರಬೇಕು, ಖುದ್ದಾಗಿ ಯಾರೂ ತರಕೂಡದು ಎಂದರು. ವರನ ಕಾಗದ ಅಲ್ಲೇ ಇತ್ತು. ವಧುವಿನದು ಬೇಕಾದದ್ದು ಒಂದೇ, ಜನನ ಪ್ರಮಾಣಪತ್ರ. ಅಸಲು ಪ್ರತಿಯೇ ಆಗಬೇಕು, ಮತ್ತು ಅದನ್ನು ಕೊಟ್ಟು ಆರು ತಿಂಗಳು ದಾಟಿರಬಾರದು. ಅದು ಫ್ರೆಂಚರ ಕಾನೂನು. ಮನುಷ್ಯ ಹುಟ್ಟಿದ್ದು ಎಷ್ಟು ಹಳೆಯದಾದರೂ ಪರವಾಗಿಲ್ಲ, ಸಾಕ್ಷಿ ಮಾತ್ರ ತಾಜಾ ಇರಬೇಕು.

ಕಾಗದ ಸ್ವೀಕಾರವಾಯಿತೆಂದರೆ ವಧುವಿಗೆ ದಾಟಿ ಬರಲು ಪರವಾನಗಿ ಕೊಡುತ್ತೇವೆ ಎಂದೂ ಅವರು ಹೇಳಿದ್ದರು.

ಮಿಸ್ ಪೆಟ್ ಮೊದಲ ಪ್ರಮಾಣಪತ್ರವನ್ನು ಮಾರ್ಚಿನಲ್ಲಿ ರಿಜಿಸ್ಟರ್ ಮಾಡಿ ಕಳಿಸಿದಳು. ಅದೇ ವಾರ ರಾಜಧಾನಿಯಿಂದ ಪಟ್ಟಿ ಬಂತು. ಯಾವ ಯಾವ ದೇಶಕ್ಕೆ ಅಂಚೆ ನಿಂತಿದೆ ಎಂಬ ಪಟ್ಟಿ, ಎರಡು ಹಾಳೆ. ಯಾವ ದೇಶಕ್ಕೆ ನಡೆಯುತ್ತಿದೆ ಎಂದು ಬರೆದಿದ್ದರೆ ಅರ್ಧ ಹಾಳೆ ಸಾಕಾಗುತ್ತಿತ್ತು. ಆಗಸ್ಟಿನಲ್ಲಿ ಲಕೋಟೆ ಹಿಂದಕ್ಕೆ ಬಂತು, ಮೇಲೆ "ಸೇವೆ ಸ್ಥಗಿತ" ಎಂಬ ಚೀಟಿ. ಚೀಟಿ ವಕ್ರವಾಗಿ ಅಂಟಿಸಿದ್ದರು. ಅದು ಅವಳಿಗೆ ಇನ್ನೂ ಬೇಸರ ತರಿಸಿತು.

ಎರಡನೆಯದನ್ನು ಸೆಪ್ಟೆಂಬರಿನಲ್ಲಿ ಕಳಿಸಿದಳು. ಅದು ತಲುಪಿತು. ತಲುಪಿದ್ದು ಮರುವರ್ಷದ ಏಪ್ರಿಲಿನಲ್ಲಿ. ಪುರಭವನದ ಗುಮಾಸ್ತೆ ಮದಾಂ ರೋಸ್ಮೋಂದ್ ವರನ ವಿಳಾಸಕ್ಕೆ ಬಹಳ ಮರ್ಯಾದೆಯಿಂದ ಉತ್ತರ ಬರೆದಳು, ಫುಲ್ಬೆರ್ ಅದನ್ನು ಫೋನಿನಲ್ಲಿ ಓದಿ ಹೇಳಿದ. ತಮ್ಮ ಜನನ ಪ್ರಮಾಣಪತ್ರದ ಅವಧಿ ಮುಗಿದಿದೆ, ದಯವಿಟ್ಟು ಹೊಸದನ್ನು ಕಳಿಸಿಕೊಡಿ.

ಸುದ್ದಿ ಕೇಳಿದ ಮಾನ್ ಸಿದೋನಿ ಮಗನ ಫೋನು ಕಸಿದುಕೊಂಡಳು.

"ಏನೇ ಹುಡುಗಿ, ನೀನು ಇನ್ನೂ ಹುಟ್ಟಿಲ್ವಂತೆ?"

"ಹುಟ್ಟಿದೀನಿ ಮಾನ್ ಸಿದೋನಿ. ಕಾಗದ ದಾರೀಲಿದೆ."

"ನನ್ನ ಐದೂ ಹೆರಿಗೆ ಒಟ್ಟು ಸೇರಿದ್ರೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ಕಣೇ. ಬೇಗ ಹುಟ್ಟು. ನನಗೆ ಹೆಚ್ಚು ದಿನ ಇಲ್ಲ."

ಆಕೆ ಹೇಳಿದ್ದು ತಮಾಷೆಯಾದರೂ ಮಾತು ಸುಳ್ಳಾಗಿರಲಿಲ್ಲ. ಮೇ ತಿಂಗಳಲ್ಲಿ ಮಾನ್ ಸಿದೋನಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅಲ್ಲಿಂದ ಫುಲ್ಬೆರ್ ಕಾಗದ ಬರೆಯುವುದನ್ನು ಬಿಟ್ಟ, ಬರೀ ಫೋನು ಮಾಡತೊಡಗಿದ. ಮಿಸ್ ಪೆಟ್ ಅದನ್ನು ಗಮನಿಸಿದಳು, ಕೇಳಲಿಲ್ಲ.

ಅನಾತೋಲ ಮಾತ್ರ ಕೇಳಿದ. ಅವನು ದಿನಾ ಬೆಳಿಗ್ಗೆ ಅಂಚೆ ಕಚೇರಿಯ ಮೆಟ್ಟಿಲಲ್ಲಿ ಕೂತು ಕೋಕೋ ಚಹಾ ಕುಡಿಯುವವನು.

"ಮಿಸ್ ಪೆಟ್, ಆ ಕಾಗದ ಇಲ್ಲಿ ಕೊಡಿ. ಮಧ್ಯಾಹ್ನ ಹೊರಟ್ರೆ ಒಂದೂವರೆಗೆ ಫುಲ್ಬೆರ್ ಕೈಲಿರತ್ತೆ. ಅವನು ಅಲ್ಲೇ ಒಂದು ಚೀಟಿ ಹಚ್ಚಿ ಡಬ್ಬಕ್ಕೆ ಹಾಕ್ತಾನೆ."

"ಬೇಡ."

"ಯಾಕ್ರೀ? ನನ್ನ ದೋಣೀಲಿ ಕೂತ್ರೆ ಕಾಗದಕ್ಕೆ ವಾಂತಿಯಾಗತ್ತಾ?"

"ಅನಾತೋಲ, ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿಗೆ ನಾನು ಏನು ಹೇಳ್ಕೊಂಡು ಬಂದಿದೀನಿ? ನಾಳೆ ನಾನೇ ನಿನ್ನ ಕೈಗೆ ಕೊಟ್ರೆ ಈ ಠಸ್ಸೆ ಹಿಡ್ಕೊಂಡು ನಾನಿಲ್ಲಿ ಯಾಕೆ ಕೂತಿರ್ಬೇಕು?"

"ಠಸ್ಸೆ ಒತ್ತೋದನ್ನ ಗಂಡನ ಬೆನ್ನಿಗೆ ಒತ್ತಿ. ಮೊದಲು ಗಂಡ ಆಗ್ಲಿ."

ಅವಳು ಕಿಟಕಿ ಮುಚ್ಚಿದಳು. ಆದರೆ ಆ ದಿನ ಬಿಡುವಿನಲ್ಲಿ ಇಲಾಖೆಯ ಹಳೆಯ ನಿಯಮ ಪುಸ್ತಕ ತೆಗೆದಳು. ಇಂಗ್ಲಿಷರು ಆಳುತ್ತಿದ್ದ ಕಾಲದ ಪುಸ್ತಕ, ಜಿರಲೆ ತಿಂದು ಉಳಿಸಿದ್ದು. ಅದರ ಹಿಂಭಾಗದಲ್ಲಿ, ಚಂಡಮಾರುತದ ಕಾಲದ ವ್ಯವಸ್ಥೆಗಳ ಪಕ್ಕದಲ್ಲಿ, ಇನ್ನೂ ಯಾರೂ ರದ್ದು ಮಾಡದೆ ಮರೆತಿದ್ದ ಒಂದು ಕಲಮು ಸಿಕ್ಕಿತು. ನಿಯಮಿತ ಹಡಗು ಇಲ್ಲದಾಗ, ಹೊರಡಲಿರುವ ಯಾವುದೇ ನೌಕೆಯ ನಾಯಕನಿಗೆ ಅಂಚೆಯಧಿಕಾರಿಯು ಅರಗು ಹಾಕಿದ ಚೀಲವನ್ನು ಒಪ್ಪಿಸಿ ರಸೀತಿ ಪಡೆಯಬಹುದು.

ಯಾವುದೇ ನೌಕೆ. ಅವಳು ಆ ಪದವನ್ನು ಮೂರು ಸಲ ಓದಿದಳು.

ಮರುದಿನ ಅನಾತೋಲನನ್ನು ಒಳಗೆ ಕರೆದು ಕುರ್ಚಿ ಕೊಟ್ಟಳು. ಅವನು ಆ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ನಿನ್ನ ನೌಕೆಯ ಹೆಸರು?"

"ನೌಕೆ? ಓ. 'ದೇವರ ದಯೆ'."

"ನಾಯಕ?"

ಅನಾತೋಲ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. "ನಾನೇ ಅನ್ಸತ್ತೆ," ಎಂದ.

ಅವಳು ಮೂರನೆಯ ಪ್ರಮಾಣಪತ್ರವನ್ನು, ಮೇ ಮೂರರಂದು ತೆಗೆಸಿಟ್ಟಿದ್ದನ್ನು, ಲಕೋಟೆಯಲ್ಲಿ ಹಾಕಿ, ಚೀಟಿ ಅಂಟಿಸಿ, ರಿಜಿಸ್ಟರಿನಲ್ಲಿ ಬರೆದು, ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ, ಅರಗು ಕರಗಿಸಿ ಮುದ್ರೆ ಒತ್ತಿದಳು. ಎರಡು ಕಿಲೋ ಹಿಡಿಯುವ ಚೀಲದಲ್ಲಿ ಒಂದೇ ಲಕೋಟೆ. ಅನಾತೋಲ ರಸೀತಿಗೆ ಸಹಿ ಹಾಕಿದ. ಹಾಕುವಾಗ ನಾಲಿಗೆ ಸ್ವಲ್ಪ ಹೊರಗಿತ್ತು.

ಅವತ್ತು ಆ ಮನುಷ್ಯನಿಗೆ ಏನಾಯಿತೋ. ದೋಣಿಯನ್ನು ಸೋಪು ಹಾಕಿ ತೊಳೆದ. ಕೋಳಿ, ರಮ್, ಸಿಗರೇಟು, ಏನನ್ನೂ ಹತ್ತಿಸಲಿಲ್ಲ. ಮಗಳ ಮದುವೆಗೆ ಹೊಲಿಸಿದ ಬಿಳಿ ಅಂಗಿ ಹಾಕಿದ. ಮೂವತ್ತು ವರ್ಷದಿಂದ ಅವನು ಸಿಕ್ಕಿಬೀಳದಿದ್ದ ಗುಟ್ಟು ಬಹಳ ಸರಳವಾದದ್ದು. ಫ್ರೆಂಚ್ ಗಸ್ತಿನವರು ಹನ್ನೆರಡರಿಂದ ಎರಡರವರೆಗೆ ಊಟ ಮಾಡುತ್ತಾರೆ. ಯುದ್ಧವಾದರೂ ಮಾಡುತ್ತಾರೆ. ಅನಾತೋಲ ಹೋಗುತ್ತಿದ್ದದ್ದು ಆ ಹೊತ್ತಿನಲ್ಲೇ, ನಟ್ಟನಡು ಹಗಲಿನಲ್ಲಿ. ಆದರೆ ಈ ಸಲ ಅವನು ಸರಕಾರದ ಚೀಲ ಹೊತ್ತವನು, ಕಳ್ಳನ ಹಾಗೆ ಊಟದ ಹೊತ್ತಿಗೆ ಹೋಗುವುದುಂಟೇ? ಬೆಳಿಗ್ಗೆ ಹತ್ತಕ್ಕೆ, ಕಚೇರಿ ಸಮಯದಲ್ಲಿ, ನೇರವಾಗಿ ಸುಂಕದ ಕಟ್ಟೆಗೇ ದೋಣಿ ತಗುಲಿಸಿದ.

ಬದುಕಿನಲ್ಲಿ ಒಂದೇ ಒಂದು ಸಲ ಪ್ರಾಮಾಣಿಕನಾಗಿ ಹೋದವನನ್ನು ಅವರು ಹಿಡಿದು ಹಾಕಿದರು.

ಚೀಲಕ್ಕೆ ಮಾತ್ರ ಸಕಲ ಮರ್ಯಾದೆ ಸಿಕ್ಕಿತು. ಅಧಿಕಾರಿ ಮುದ್ರೆಯನ್ನು ಪರೀಕ್ಷಿಸಿ, ಎರಡು ಕೈಯಲ್ಲಿ ಎತ್ತಿಕೊಂಡು, ರಸೀತಿ ಬರೆದುಕೊಟ್ಟು, ಅಂಚೆಯ ವ್ಯಾನಿಗೆ ಹತ್ತಿಸಿದ. ಅನಾತೋಲನನ್ನು ಹದಿನಾಲ್ಕು ದಿನ ಒಂದು ಹೋಟೆಲಿನಲ್ಲಿ ಪ್ರತ್ಯೇಕವಾಗಿಟ್ಟು, ಎರಡು ಹೊತ್ತು ಮಾಂಸ, ಮೂರು ಬಗೆ ಚೀಸು ತಿನ್ನಿಸಿ, ಎಚ್ಚರಿಕೆ ಕೊಟ್ಟು ಗಡಿ ದಾಟಿಸಿದರು.

ಫುಲ್ಬೆರ್ ಫೋನು ಮಾಡಿದ. ಅವನ ದನಿಯಲ್ಲಿ ನಗುವೋ ಅಳುವೋ ತಿಳಿಯಲಿಲ್ಲ.

"ದೂದೂ, ನನ್ನ ಮುದ್ದೂ, ನಿನ್ನ ಚೀಲ ನಮ್ಮ ಮನೆ ಮುಂದೇನೇ ಹೋಯ್ತು. ವ್ಯಾನಿನವನು ಕೈ ಬೀಸಿದ. ನಾನೂ ಬೀಸಿದೆ."

"ಒಳ್ಳೇದಾಯ್ತಲ್ಲ! ನಾಳೆ ಪುರಭವನಕ್ಕೆ ಬರತ್ತೆ."

"ಇಲ್ಲ ಕಣೇ. ಪರದೇಶದ ಚೀಲ ಅಲ್ವಾ? ಅದನ್ನ ಇಲ್ಲಿ ಬಿಚ್ಚೋ ಅಧಿಕಾರ ಇಲ್ವಂತೆ. ಪ್ಯಾರಿಸ್ಸಿಗೆ ಕಳ್ಸಿದ್ರು."

ಮಿಸ್ ಪೆಟ್ ರಿಜಿಸ್ಟರ್ ತೆರೆದು ಆ ಲಕೋಟೆಯ ಸಾಲಿನ ಮುಂದೆ ಪ್ಯಾರಿಸ್ ಎಂದು ಬರೆದಳು. ಆಮೇಲೆ, "ಅದು ಸರಿಯಾದ ಕ್ರಮವೇ," ಎಂದಳು.

ಅವಳು ಕಾದಳು. ಜುಲೈ, ಆಗಸ್ಟ್, ಸೆಪ್ಟೆಂಬರ್. ಕಳಿಸಿದ್ದು ಒಂದಲ್ಲ ಒಂದು ದಿನ ತಲುಪಲೇಬೇಕು ಎಂಬ ನಂಬಿಕೆ ಅವಳಿಗೆ ಬರೀ ನೌಕರಿಯದಾಗಿರಲಿಲ್ಲ, ರಕ್ತದಲ್ಲೇ ಇತ್ತು. ಅಕ್ಟೋಬರಿನ ಕೊನೆಗೆ ಫುಲ್ಬೆರ್ ಮತ್ತೆ ಫೋನು ಮಾಡಿದ. ಈ ಸಲ ದನಿಯಲ್ಲಿ ನಗು ಇರಲಿಲ್ಲ.

"ಅಮ್ಮ ಎರಡು ಚಮಚ ಗಂಜಿ ಬಿಟ್ರೆ ಏನೂ ತಗೊಳ್ತಿಲ್ಲ. ಡಾಕ್ಟ್ರು ಕ್ರಿಸ್ಮಸ್ ದಾಟೋದು ಕಷ್ಟ ಅಂತಾರೆ. ನೀನು ಹೇಳಿದ ಹಾಗೆಲ್ಲ ಕೇಳಿದೀನಿ ದೂದೂ. ಬೇಜಾರಿಂದ ಹೇಳ್ತಿಲ್ಲ. ಆದ್ರೆ ಒಂದು ಕೇಳ್ಲಾ? ನಿನಗೆ ಬೇಕಾಗಿರೋದು ನಾನಾ, ಅಂಚೇನಾ?"

ಆ ಮಾತಿಗೆ ಕೂಡಲೇ ಉತ್ತರ ಕೊಡಲು ಅವಳಿಂದಾಗಲಿಲ್ಲ. ಆಗಲಿಲ್ಲ ಎಂಬುದೇ ಅವಳನ್ನು ಹೆದರಿಸಿತು. ಮರುದಿನ ಬಸ್ಸು ಹಿಡಿದು ರಾಜಧಾನಿಗೆ ಹೋಗಿ ನಾಲ್ಕನೆಯ ಸಲ ತಾನು ಹುಟ್ಟಿದ್ದಕ್ಕೆ ಸಾಕ್ಷಿ ತೆಗೆಸಿಕೊಂಡು ಬಂದಳು. ಅದನ್ನು ಲಕೋಟೆಗೆ ಹಾಕಲಿಲ್ಲ. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಗಲು ಹೊತ್ತಿನಲ್ಲೇ, ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಅನಾತೋಲನ ಮನೆಗೆ ನಡೆದಳು.

ಅನಾತೋಲ ಜಗುಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಹಿಂದಿನ ಗೋಡೆಯಲ್ಲಿ, ಏಸುವಿನ ಪಟದ ಪಕ್ಕ, ಅವಳು ಕೊಟ್ಟಿದ್ದ ರಸೀತಿಯ ಪ್ರತಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ.

"ಅನಾತೋಲ, ಇದನ್ನ ಫುಲ್ಬೆರ್‌ಗೆ ಮುಟ್ಟಿಸಿಬಿಡು."

ಅವನು ಪ್ಲಾಸ್ಟಿಕ್ ಚೀಲವನ್ನು ತಿರುಗಿಸಿ ನೋಡಿದ. "ಚೀಟಿ ಎಲ್ಲಿ?"

"ಇಲ್ಲ."

"ಅರಗು? ಮುದ್ರೆ?"

"ಇಲ್ಲ ಅಂದೆನಲ್ಲ. ಹೀಗೇ ಕೊಟ್ಬಿಡು."

ಅನಾತೋಲ ಬಲೆ ಕೆಳಗಿಟ್ಟ. "ಮಿಸ್ ಪೆಟ್, ನೀವೇ ಹೀಗಂದ್ರೆ ಹೇಗೆ? ನಾನು ಮೊದಲಿನ ಅನಾತೋಲ ಅಲ್ಲ. ನೌಕೆಯ ನಾಯಕ. ನಿಮ್ಮದೇ ಕೈಬರಹ, ನೋಡಿ, ಗೋಡೇಲಿದೆ. ಮುದ್ರೆ ಇಲ್ಲದ ಟಪಾಲು ನಾನು ಮುಟ್ಟಲ್ಲ."

"ಮೂವತ್ತು ವರ್ಷ ಮುಟ್ಟಿದ್ಯಲ್ಲೋ!"

"ಆಗ ನನಗೆ ತಿಳುವಳಿಕೆ ಇರ್ಲಿಲ್ಲ. ನೀವೇ ಕೊಟ್ಟಿದ್ದು."

"ಈ ಚೀಲಕ್ಕೆ ಅರಗು ಹಾಕಿದ್ರೆ ಮತ್ತೆ ಪ್ಯಾರಿಸ್ಸಿಗೆ ಹೋಗತ್ತೆ ಕಣಯ್ಯಾ!"

"ಹೋಗ್ಲಿ. ಕ್ರಮ ಅಂದ್ರೆ ಕ್ರಮ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಿಸ್ ಪೆಟ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಊರಿನಲ್ಲಿ ಒಬ್ಬನೇ ಒಬ್ಬನಿಗೆ ಅವಳ ಪಾಠ ತಲೆಗೆ ಹತ್ತಿತ್ತು. ಹತ್ತಬಾರದ ಹೊತ್ತಿನಲ್ಲಿ, ಹತ್ತಬಾರದವನಿಗೆ.

ಅವಳು ಸ್ವಲ್ಪ ಯೋಚಿಸಿದಳು. "ಸರಿ. ಟಪಾಲು ಒಯ್ಯಬೇಡ. ಜನರನ್ನ ಒಯ್ತೀಯೋ?"

"ಯಾರನ್ನ?"

"ನನ್ನ. ಮನುಷ್ಯರಿಗೆ ಚೀಟಿ ಹಚ್ಚಬೇಕು ಅಂತ ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ."

ಅನಾತೋಲ ತಲೆ ಕೆರೆದುಕೊಂಡ. ಅವನ ಹೊಸ ಧರ್ಮದಲ್ಲಿ ಇದಕ್ಕೆ ಅಡ್ಡಿ ಸಿಗಲಿಲ್ಲ. "ಜನ ಆದ್ರೆ ತೊಂದ್ರೆ ಇಲ್ಲ," ಎಂದ. "ಆದ್ರೆ ಜನರನ್ನ ಒಯ್ಯೋದು ಊಟದ ಹೊತ್ತಿಗೇ. ಅದು ನನ್ನ ಕ್ರಮ."

ಮಿಸ್ ಪೆಟ್ ರಜೆಯ ಅರ್ಜಿ ಬರೆದು, ಚೀಟಿ ಅಂಟಿಸಿ, ರಾಜಧಾನಿಯ ಚೀಲಕ್ಕೆ ಹಾಕಿದಳು. ಉತ್ತರ ಬರುವ ಹೊತ್ತಿಗೆ ತಾನು ವಾಪಸು ಬಂದಿರುತ್ತೇನೆಂದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಬೀಗ ಹಾಕಿ ಒಂದು ಹಲಗೆ ತೂಗುಹಾಕಿದಳು: "ಸೇವೆ ಸ್ಥಗಿತ." ನೇರವಾಗಿದೆಯೇ ಎಂದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಳು.

ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ಇಪ್ಪತ್ತೊಂಬತ್ತು ವರ್ಷ ಎದುರು ದಂಡೆಯನ್ನು ಕಿಟಕಿಯಿಂದ ನೋಡಿದವಳು ಅಷ್ಟು ಚಿಕ್ಕ ದೋಣಿಯಲ್ಲಿ ಅಷ್ಟು ದೊಡ್ಡ ನೀರನ್ನು ಎಂದೂ ದಾಟಿರಲಿಲ್ಲ. ಕಟ್ಟೆಯ ಬಳಿ ಗಸ್ತಿನ ದೋಣಿ ಖಾಲಿ ನಿಂತಿತ್ತು. ಹೋಟೆಲಿನ ಕಡೆಯಿಂದ ಹುರಿದ ಮೀನಿನ ವಾಸನೆ ಬಂತು. ಒಂದೂ ಹತ್ತಕ್ಕೆ ಗ್ರಾಂ ಮಾಪುವಿನ ಮರಳಿನಲ್ಲಿ ಅವಳು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬ್ರೆಡ್ಡಿನ ಚೀಲ ಹಿಡಿದು ಇಳಿದಳು. ಫುಲ್ಬೆರ್ ಪ್ಯಾಂಟು ಮಂಡಿಯವರೆಗೆ ಮಡಚಿ ನೀರಿನಲ್ಲೇ ನಿಂತಿದ್ದ. ಎರಡು ವರ್ಷದ ಮೇಲೆ ನೋಡಿದ್ದು. ಅವನು ಇನ್ನಷ್ಟು ಸೊರಗಿದ್ದ, ಅವಳ ಗಲ್ಲದಲ್ಲಿ ವಾಂತಿಯ ಗುರುತಿತ್ತು. ಅವನು ಅವಳ ಕೈಯಿಂದ ಚಪ್ಪಲಿ ಇಸಿದುಕೊಂಡ.

ಅವತ್ತೇ ಸಂಜೆ ಫುಲ್ಬೆರ್ ಫ್ರೆಂಚ್ ಚೀಟಿ ಅಂಟಿಸಿ ಪ್ರಮಾಣಪತ್ರವನ್ನು ಪುರಭವನದ ಎದುರಿನ ಹಳದಿ ಡಬ್ಬಕ್ಕೆ ಹಾಕಿದ. ಡಬ್ಬಕ್ಕೂ ಪುರಭವನದ ಬಾಗಿಲಿಗೂ ನಡುವೆ ಐವತ್ತು ಹೆಜ್ಜೆ. ಎರಡು ದಿನದಲ್ಲಿ ಕಾಗದ ಆ ಐವತ್ತು ಹೆಜ್ಜೆ ದಾಟಿತು. ಹತ್ತು ದಿನ ಮದುವೆಯ ಪ್ರಕಟಣೆ ಪುರಭವನದ ಬಾಗಿಲಲ್ಲಿ ತೂಗಿತು. ಆ ಹತ್ತು ದಿನವೂ, ಕಾನೂನಿನ ಪ್ರಕಾರ ಇನ್ನೂ ಸಮುದ್ರದಾಚೆ ಇದ್ದ ವಧು, ಮಾನ್ ಸಿದೋನಿಯ ಕೋಣೆಯಲ್ಲಿ ಕೂತು ಆಕೆಗೆ ಗಂಜಿ ತಿನ್ನಿಸಿದಳು. ಮುದುಕಿ ಎರಡು ಚಮಚದಿಂದ ಆರಕ್ಕೆ ಬಂದಳು, ಆರರಿಂದ ಉಪ್ಪು ಮೀನಿಗೆ.

"ಗಂಜಿಗೆ ಉಪ್ಪು ಕಮ್ಮಿ," ಎಂದಳು ಒಂದು ದಿನ. "ಆದ್ರೂ ಇರ್ಲಿ. ಹೊಸದಾಗಿ ಹುಟ್ಟಿದ ಹುಡುಗಿಗೆ ಇಷ್ಟು ಬರೋದೇ ಹೆಚ್ಚು."

ಮದುವೆಯ ದಿನ ಮಾನ್ ಸಿದೋನಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಮೇಯರು ಕಾಗದ ಓದಿ, ಇಬ್ಬರನ್ನೂ ಕೇಳಿ, ಸಹಿ ಮಾಡಿಸಿದರು. ಆಮೇಲೆ ಕನ್ನಡಕದ ಮೇಲಿಂದ ವಧುವನ್ನು ನೋಡಿದರು.

"ಮದಾಂ, ಪರವಾನಗಿ ಕಳಿಸಿದ್ದು ಮೊನ್ನೆ. ನೀವು ಇಷ್ಟು ಬೇಗ ಹೇಗೆ ಬಂದ್ರಿ?"

ಫುಲ್ಬೆರ್ ಬೂಟು ನೋಡಿಕೊಂಡ. ಮಾನ್ ಸಿದೋನಿ ಕುರ್ಚಿಯಿಂದಲೇ ಹೇಳಿದಳು, "ಟಪಾಲಿನಲ್ಲಿ ಬಂದ್ಲು. ನಿನಗೇನೋ ಅದರಿಂದ? ನಿನ್ನ ಅಜ್ಜಿ ಈ ಊರಿಗೆ ಹೇಗೆ ಬಂದ್ಲು ಅಂತ ನಾನು ಹೇಳ್ಲಾ?"

ಮೇಯರಿಗೆ ಆ ವಿಷಯದಲ್ಲಿ ಆಸಕ್ತಿ ಇರಲಿಲ್ಲ. ಪುಸ್ತಕ ಮುಚ್ಚಿದರು.

ಆಗ ಮದಾಂ ರೋಸ್ಮೋಂದ್ ಮೆಲ್ಲಗೆ ಮುಂದೆ ಬಂದಳು. ಅವಳ ಕೈಯಲ್ಲಿ ಇನ್ನೊಂದು ಲಕೋಟೆ. ಪ್ಯಾರಿಸ್ಸಿನಿಂದ ಅವತ್ತು ಬೆಳಿಗ್ಗೆ ಬಂದದ್ದು, ಮೇ ಮೂರರ ಪ್ರಮಾಣಪತ್ರ.

"ಕ್ಷಮಿಸಿ. ಇದರ ಅವಧಿ ನವೆಂಬರ್ ಮೂರಕ್ಕೆ ಮುಗಿದಿದೆ. ನಿಯಮದಂತೆ ಅರ್ಜಿ ತಿರಸ್ಕರಿಸಿದೀನಿ. ತಿರಸ್ಕಾರದ ಪತ್ರ ವಧುವಿಗೆ ಕೊಟ್ಟು ಸಹಿ ತಗೋಬೇಕು." ಅವಳಿಗೆ ನಿಜವಾಗಿಯೂ ಸಂಕೋಚವಾಗಿತ್ತು.

ಮಿಸ್ ಪೆಟ್ ಪೆನ್ನು ತೆಗೆದುಕೊಂಡು, ಐದು ನಿಮಿಷದ ಹಿಂದೆ ಬಂದ ಹೊಸ ಮನೆತನದ ಹೆಸರಿನಲ್ಲಿ ಸಹಿ ಹಾಕಿದಳು. ಮದಾಂ ರೋಸ್ಮೋಂದ್ ಸಹಿಯನ್ನೂ ಲಕೋಟೆಯ ಮೇಲಿನ ಹೆಸರನ್ನೂ ಹೋಲಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಹೆಸರು ಬೇರೆ ಇದೆಯಲ್ಲ. ಹಾಗಾದ್ರೆ ಇದನ್ನ ತಮಗೆ ಕೊಡೋ ಹಾಗಿಲ್ಲ."

"ಇಲ್ಲ," ಎಂದಳು ಮಿಸ್ ಪೆಟ್. ಅವಳಿಗೆ ಆ ಹೆಂಗಸಿನ ಮೇಲೆ ಇದ್ದಕ್ಕಿದ್ದಂತೆ ಒಡಹುಟ್ಟಿದವಳ ಮೇಲಿನಂಥ ಪ್ರೀತಿ ಉಕ್ಕಿತು. "ವಿಳಾಸದಾರರು ಇಲ್ಲ ಅಂತ ಬರೆದು ವಾಪಸ್ ಕಳ್ಸಿ. ಲಂಡನ್ ಮೇಲಿಂದ."

"ಲಂಡನ್ ಮೇಲಿಂದ," ಎಂದು ಮದಾಂ ರೋಸ್ಮೋಂದ್ ಬರೆದುಕೊಂಡಳು.

"ಬರೆಯೋದು ಮುಗೀತಾ?" ಎಂದು ಮಾನ್ ಸಿದೋನಿ ಕೂಗಿದಳು. "ಹಂದಿ ಮಾಂಸ ಆರಿಹೋಗ್ತಿದೆ. ನನ್ನ ಎತ್ಕೊಳ್ರೋ."